ಏರ್ ಹಾರ್ನ್ ಮೌನವಾದರೆ?

ಅಮೆರಿಕದ ಮೋಟರ್‌ಹೋಮ್ ಎಂದರೆ ಅಡುಗೆಮನೆ, ಮಂಚ ಎಲ್ಲ ಇರುವ ಚಕ್ರದ ಮನೆ. ಬಸ್ಸಿನಷ್ಟು ದೊಡ್ಡದಾದ ಅನೇಕ ಡೀಸೆಲ್ ಮಾದರಿಗಳಲ್ಲಿ ಬ್ರೇಕ್ ಹಿಡಿಯುವುದು ಟ್ಯಾಂಕಿನಲ್ಲಿ ಒತ್ತಿಟ್ಟ ಗಾಳಿ. ಹಾರ್ನ್ ಊದುವುದೂ ಅದೇ ಗಾಳಿ.

ಹಾರ್ನ್ ಕೂಗದಿದ್ದರೆ ಸ್ಪ್ಯಾನರ್ ಹಿಡಿಯುವ ಮೊದಲು ಕಿವಿಗೊಡಿ. ಗುಂಡಿ ಒತ್ತಿದಾಗ ಸೊಲೆನಾಯ್ಡ್ (ದ್ವಿತೀಯ ಪಿಯುಸಿ ಭೌತಶಾಸ್ತ್ರದಲ್ಲಿ ನಾವು ಓದುವ ಅದೇ ಸುರುಳಿ!) ಕಾಂತವಾಗಿ ಗಾಳಿಯ ವಾಲ್ವ್ ತೆರೆಯುತ್ತದೆ. ಇನ್ನೊಬ್ಬರನ್ನು ವಾಲ್ವ್ ಬಳಿ ನಿಲ್ಲಿಸಿ. 'ಟಿಕ್' ಎಂದು ಕೇಳಿಸದಿದ್ದರೆ ವಿದ್ಯುತ್ ತಲುಪಿಲ್ಲ, ಇಲ್ಲವೇ ವಾಲ್ವೇ ಕೆಟ್ಟಿದೆ. ಫ್ಯೂಸ್, ರಿಲೇ, ತುಕ್ಕು ಹಿಡಿದ ಅರ್ಥ್ ವೈರ್ ನೋಡಬೇಕು. ಕೆಲವು ಗಾಡಿಗಳಲ್ಲಿ ಸಾದಾ ಹಾರ್ನ್ ಅಥವಾ ಏರ್ ಹಾರ್ನ್ ಆರಿಸುವ ಸ್ವಿಚ್ ಬೇರೆಯೇ ಇರುತ್ತದೆ, ಅದನ್ನೂ ಮರೆಯಬಾರದು.

'ಟಿಕ್' ಕೇಳಿಸಿಯೂ ಸದ್ದಿಲ್ಲದಿದ್ದರೆ ತೊಂದರೆ ಬಹುಶಃ ಗಾಳಿಯ ದಾರಿಯಲ್ಲಿದೆ: ಮಡಚಿದ ಪೈಪ್, ಕಹಳೆಯಲ್ಲಿ ನಿಂತ ನೀರು, ಕೆಲವೊಮ್ಮೆ ಕಣಜದ ಮಣ್ಣಿನ ಗೂಡು! ಪೈಪಿನ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ. ಗುಳ್ಳೆ ಎದ್ದಲ್ಲಿ ಸೋರಿಕೆ.

ಸೋರಿಕೆ ಹಾರ್ನಿನ ವಿಷಯವಷ್ಟೇ ಎಂದು ಬಿಡುವಂತಿಲ್ಲ. ಟ್ಯಾಂಕಿನ ಒತ್ತಡ 60 ಪಿಎಸ್‌ಐಗಿಂತ ಕೆಳಗಿಳಿದರೆ ಚಾಲಕನಿಗೆ ಎಚ್ಚರಿಕೆ ಬರುವಂತೆ ಅಲ್ಲಿನ ನಿಯಮವಿರುವುದು ಬ್ರೇಕಿನ ಕಾರಣಕ್ಕೆ. ಎಚ್ಚರಿಕೆ ಬಂದರೆ ಗಾಡಿ ಓಡಿಸಬಾರದು. ಪೈಪ್ ಬಿಚ್ಚುವ ಮುನ್ನ ಚಕ್ರಗಳಿಗೆ ಅಡೆ ಕೊಟ್ಟು, ಟ್ಯಾಂಕಿನ ಗಾಳಿಯನ್ನು ಪೂರ್ತಿ ಹೊರಬಿಡಬೇಕು.