ಕೆಂಪು ದೀಪ ಉರಿಯುವ ಮುನ್ನ

ಕಾರು ಈಗ ಶ್ರೀಮಂತರ ಮನೆಯ ಅಲಂಕಾರವಾಗಿ ಉಳಿದಿಲ್ಲ. ಹಲವು ವರ್ಷ ಕೊಲ್ಲಿಯಲ್ಲಿ ದುಡಿದು ಬಂದವರು ಉಳಿತಾಯದ ಹಣದಲ್ಲಿ ಒಂದು ಹಳೆಯ ಕಾರು ಕೊಳ್ಳುತ್ತಾರೆ. ಕೆಲವರಿಗೆ ಅದು ಕುಟುಂಬದ ವಾಹನ. ಇನ್ನು ಕೆಲವರಿಗೆ ಬಾಡಿಗೆ ಓಡಿಸಿ ಮನೆ ನಡೆಸುವ ದಾರಿ. ಮಾರುತಿ 800ರ ತಯಾರಿಕೆ 2014ರಲ್ಲಿ, ಓಮ್ನಿಯ ತಯಾರಿಕೆ 2019ರಲ್ಲಿ ನಿಂತಿತು. ಆದರೂ ನಮ್ಮ ಊರುಗಳಲ್ಲಿ ಅವು ಇನ್ನೂ ಓಡುತ್ತಿವೆ. ಇಂತಹ ಕಾರಿನ ಎಂಜಿನ್ ಒಮ್ಮೆ ಜಾಮ್ ಆದರೆ ಅದರ ರಿಪೇರಿಯ ಖರ್ಚು ಒಂದು ಮನೆಯ ತಿಂಗಳುಗಳ ಲೆಕ್ಕಾಚಾರವನ್ನೇ ತಲೆಕೆಳಗು ಮಾಡುತ್ತದೆ.

ಎಂಜಿನ್ನಿನ ಜೀವಾಳ ಅದರೊಳಗಿನ ಎಣ್ಣೆ. ತಳದ ತೊಟ್ಟಿಯಿಂದ ಎಣ್ಣೆಯನ್ನು ಒಂದು ಪಂಪು ಹೀರಿ, ಫಿಲ್ಟರ್ ಮೂಲಕ ಬೇರಿಂಗ್‌ಗಳಿಗೆ ತಳ್ಳುತ್ತದೆ. ಕ್ರ್ಯಾಂಕ್ ಶಾಫ್ಟಿಗೂ ಬೇರಿಂಗಿಗೂ ನಡುವೆ ಇರುವ ಸಂದು ಕೂದಲೆಳೆಗಿಂತಲೂ ಕಿರಿದು. ಆ ಸಂದಿನಲ್ಲಿ ಎಣ್ಣೆಯ ತೆಳು ಪೊರೆ ಇರುವುದರಿಂದಲೇ ಲೋಹಕ್ಕೆ ಲೋಹ ತಾಗುವುದಿಲ್ಲ. ಪೊರೆ ಹರಿದರೆ ಕೆಲವೇ ಕ್ಷಣಗಳಲ್ಲಿ ಬೇರಿಂಗ್ ಸುಟ್ಟುಹೋಗಬಹುದು.

ಹಾಗಾದರೆ ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆ ಡಬ್ಬದ ಚಿತ್ರವಿರುವ ಕೆಂಪು ದೀಪ ಇದೆಯಲ್ಲ ಎಂದು ನೀವು ಕೇಳಬಹುದು. ಆ ದೀಪಕ್ಕೆ ಗೊತ್ತಿರುವುದು ಎರಡೇ ಮಾತು: ಒತ್ತಡ ಇದೆ, ಇಲ್ಲ. ಹೆಚ್ಚಿನ ಕಾರುಗಳಲ್ಲಿ ಒತ್ತಡ ಸುಮಾರು 0.3ರಿಂದ 0.5 ಬಾರ್‌ಗೆ ಕುಸಿದಾಗ ಮಾತ್ರ ಅದು ಉರಿಯುತ್ತದೆ. ವೇಗವಾಗಿ ಓಡುತ್ತಿರುವ ಎಂಜಿನ್‌ಗೆ ಬೇಕಾದ ಒತ್ತಡ ಇದರ ಎಷ್ಟೋ ಪಟ್ಟು ಹೆಚ್ಚು. 3 ಬಾರ್ ಬೇಕಾದಲ್ಲಿ 1 ಬಾರ್ ಮಾತ್ರ ಇದ್ದರೂ ದೀಪ ಸುಮ್ಮನಿರುತ್ತದೆ. ಶಾಲೆಯ ಮಾತಿನಲ್ಲಿ ಹೇಳುವುದಾದರೆ, ದೀಪವು ವಾರ್ಷಿಕ ಪರೀಕ್ಷೆಯ ಫಲಿತಾಂಶವಿದ್ದಂತೆ. ಗೇಜು ಪ್ರತಿ ತಿಂಗಳ ಅಂಕಪಟ್ಟಿ. ಮಗು ಹಿಂದೆ ಬೀಳುತ್ತಿದೆ ಎಂಬುದು ಜೂನ್‌ನಲ್ಲೇ ತಿಳಿದರೆ ತಿದ್ದಬಹುದು, ಏಪ್ರಿಲ್‌ನಲ್ಲಿ ತಿಳಿದು ಪ್ರಯೋಜನವೇನು?

ಕಂಪೆನಿಯೇ ಕೊಟ್ಟ ಗೇಜುಗಳೆಲ್ಲ ನಿಜ ಹೇಳುತ್ತವೆ ಎಂದೂ ಅಲ್ಲ. ಮಝ್ದಾದ ಮಿಯಾಟಾ ಎಂಬ ಪುಟ್ಟ ಕಾರಿನಲ್ಲಿ ಮೊದಲು ನಿಜವಾದ ಗೇಜು ಇತ್ತು. 1995ರ ಮಾದರಿಯಿಂದ ಅಲ್ಲಿ ಮುಳ್ಳು ಉಳಿಯಿತು, ಅಳತೆ ಹೋಯಿತು. ಅದು ದೀಪದ ಸ್ವಿಚ್ಚಿನಿಂದಲೇ ನಡೆಯುವ ಮುಳ್ಳು. ಒತ್ತಡ ಎಷ್ಟೇ ಇದ್ದರೂ ನಡುವೆ ನಿಂತಿರುತ್ತದೆ. ಆದ್ದರಿಂದಲೇ ಹೊರಗಿನಿಂದ ಒಂದು ಗೇಜು ತಂದು ಕೂರಿಸುವ ಪದ್ಧತಿ ಬೆಳೆದಿದೆ.

ಯಾವುದನ್ನು ಆರಿಸಬೇಕು?

ಗೇಜುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಮೆಕ್ಯಾನಿಕಲ್. ಎಂಜಿನ್‌ನಿಂದ ಒಂದು ಸಣ್ಣ ಕೊಳವೆ ನೇರವಾಗಿ ಗೇಜಿನವರೆಗೆ ಬರುತ್ತದೆ. ಗೇಜಿನೊಳಗೆ ಬಾಗಿದ ಲೋಹದ ನಳಿಕೆಯೊಂದಿದ್ದು, ಒತ್ತಡ ಏರಿದಂತೆ ಅದು ನೆಟ್ಟಗಾಗಲು ಹೊರಟು ಮುಳ್ಳನ್ನು ತಿರುಗಿಸುತ್ತದೆ. ಫ್ರಾನ್ಸಿನ ಯೂಜೀನ್ ಬೂರ್ದೋನ್ 1849ರಲ್ಲಿ ಪೇಟೆಂಟ್ ಪಡೆದ ಈ ಉಪಾಯ ಇಂದಿಗೂ ಚಲಾವಣೆಯಲ್ಲಿದೆ. ಇದಕ್ಕೆ ವಿದ್ಯುತ್ ಬೇಡ, ಅಗ್ಗ, ನಿಖರ. ಆದರೆ ಕಾಯ್ದ ಎಣ್ಣೆ ಕಾರಿನೊಳಗೆ, ನಮ್ಮ ಕಾಲಿನ ಬಳಿಗೆ ಬರುತ್ತದೆ. ಕೊಳವೆ ಒಡೆದರೆ ಸುಡುವ ಎಣ್ಣೆ ಕಾಲಿನ ಮೇಲೆ ಚೆಲ್ಲಬಹುದು.

ಎರಡನೆಯದು ವಿದ್ಯುತ್ ಗೇಜು. ಎಂಜಿನ್‌ಗೆ ಒಂದು ಸೆಂಡರ್ ಕೂರಿಸುತ್ತಾರೆ. ಒತ್ತಡ ಬದಲಾದಂತೆ ಅದು ಕಳುಹಿಸುವ ಸಂಕೇತ ಬದಲಾಗುತ್ತದೆ. ಒಳಗೆ ಬರುವುದು ತಂತಿ ಮಾತ್ರ, ಎಣ್ಣೆಯಲ್ಲ. ಮಕ್ಕಳು ಮರಿ ಕುಳಿತುಕೊಳ್ಳುವ ಕಾರಿಗೆ ಇದೇ ಲೇಸು. ಕೊಳ್ಳುವಾಗ ಒಂದು ವಿಷಯ ನೆನಪಿರಲಿ: ಗೇಜು ಮತ್ತು ಸೆಂಡರ್ ಒಂದೇ ಜೋಡಿಯವಾಗಿರಬೇಕು. ಯುರೋಪಿನ ಕೆಲವು ಸೆಂಡರ್‌ಗಳು ಸುಮಾರು 10ರಿಂದ 180 ಓಮ್ ಅಳತೆಯವು. ಅಮೆರಿಕದ ಅನೇಕವು 240ರಿಂದ 33 ಓಮ್. ಒಂದರ ಗೇಜಿಗೆ ಇನ್ನೊಂದರ ಸೆಂಡರ್ ಸೇರಿಸಿದರೆ ಮುಳ್ಳು ಸುಳ್ಳು ಹೇಳುತ್ತದೆ. ಸುಳ್ಳು ಹೇಳುವ ಗೇಜಿಗಿಂತ ಗೇಜು ಇಲ್ಲದಿರುವುದೇ ಮೇಲು.

ಸಾಧಾರಣ ಕಾರಿಗೆ 0ರಿಂದ 7 ಬಾರ್, ಅಂದರೆ ಸುಮಾರು 100 ಪಿಎಸ್‌ಐವರೆಗೆ ತೋರಿಸುವ ಗೇಜು ಸಾಕು. 52 ಮಿಲಿಮೀಟರ್ ಅಗಲದ ಗೇಜಿಗೆ ಸ್ಟ್ಯಾಂಡು, ಬಿಡಿಭಾಗಗಳು ಸುಲಭವಾಗಿ ಸಿಗುತ್ತವೆ.

ಅನೇಕರು ಎಡವುವುದು ಮರೆಯ ವಿಷಯದಲ್ಲಿ, ಅಂದರೆ ತಿರುಗಿಸಿ ಕೂರಿಸುವ ಥ್ರೆಡ್ಡಿನಲ್ಲಿ. ಜಪಾನ್ ಮೂಲದ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 1/8 ಬಿಎಸ್‌ಪಿ ಟೇಪರ್ ಥ್ರೆಡ್ ಇರುತ್ತದೆ. ಅದರಲ್ಲಿ ಇಂಚಿಗೆ 28 ಸುತ್ತು. ಅಮೆರಿಕದ ಗೇಜುಗಳೊಂದಿಗೆ ಬರುವುದು 1/8 ಎನ್‌ಪಿಟಿ; ಅದರಲ್ಲಿ 27 ಸುತ್ತು. ಜರ್ಮನ್ ಕಾರುಗಳಲ್ಲಿ ಹೆಚ್ಚಾಗಿ ಎಂ10. ಮೊದಲಿನ ಎರಡು ಕಣ್ಣಿಗೆ ಒಂದೇ ತರಹ ಕಾಣುತ್ತವೆ, ಒಂದೆರಡು ಸುತ್ತು ಸಲೀಸಾಗಿ ಒಳಹೋಗುತ್ತವೆ. ಆಮೇಲೆ ಬಲವಂತ ಮಾಡಿದರೆ ಎಂಜಿನ್ ಬ್ಲಾಕಿನ ಥ್ರೆಡ್ಡೇ ಹಾಳಾಗುತ್ತದೆ. ಸರಿಯಾದ ಅಡಾಪ್ಟರ್ ಸಿಗುವವರೆಗೆ ಕಾಯುವುದು ಜಾಣತನ.

ಕೂರಿಸುವ ಕ್ರಮ

ಎಂಜಿನ್ ತಣ್ಣಗಿರಲಿ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ. ದೀಪಕ್ಕೆ ಸಂಬಂಧಿಸಿದ ಸ್ವಿಚ್ಚು ಹೆಚ್ಚಾಗಿ ಆಯಿಲ್ ಫಿಲ್ಟರ್ ಆಸುಪಾಸಿನಲ್ಲಿ, ಒಂಟಿ ತಂತಿಯೊಂದಿಗೆ ಇರುತ್ತದೆ. ಅದನ್ನು ತೆಗೆದು ಆ ಜಾಗದಿಂದ ಎಣ್ಣೆಯ ದಾರಿ ಪಡೆಯಬೇಕು. ಹಳೆಯ ಸ್ವಿಚ್ಚನ್ನು ಮಾತ್ರ ಎಸೆಯಬೇಡಿ. 'ಟಿ' ಆಕಾರದ ಜೋಡಣೆ ಬಳಸಿ ಒಂದು ಕೈಗೆ ಸ್ವಿಚ್ಚು, ಇನ್ನೊಂದಕ್ಕೆ ಸೆಂಡರ್ ಹಾಕಿದರೆ ದೀಪವೂ ಉಳಿಯುತ್ತದೆ. ಗೇಜು ನೋಡಲು ಮರೆತಾಗ ಎಚ್ಚರಿಸುವುದು ಆ ದೀಪವೇ. ಎರಡೂ ಕೆಲಸ ಮಾಡುವ, ಎರಡು ಟರ್ಮಿನಲ್‌ಗಳ ಸೆಂಡರ್‌ಗಳೂ ಸಿಗುತ್ತವೆ.

ಭಾರವಾದ ಸೆಂಡರನ್ನು ಸಣ್ಣ ಹಿತ್ತಾಳೆಯ ಟಿ ಮೇಲೆ ತೂಗುಬಿಡುವುದು ಅಪಾಯ. ಎಂಜಿನ್‌ನ ಅದುರುವಿಕೆಗೆ ಹಿತ್ತಾಳೆ ತುಂಡಾದರೆ ಎಣ್ಣೆಯೆಲ್ಲ ರಸ್ತೆಯ ಪಾಲು. ಹೆಣಿಗೆಯುಳ್ಳ ಗಟ್ಟಿ ಹೋಸಿನ ಮೂಲಕ ಎಣ್ಣೆಯನ್ನು ಹೊರತಂದು, ಟಿ ಮತ್ತು ಸೆಂಡರನ್ನು ಪಕ್ಕದ ಬಾಡಿಗೆ ಬಿಗಿದರೆ ಕ್ಷೇಮ. ಸೆಂಡರ್ ತನ್ನ ಮೈಯಿಂದಲೇ ಅರ್ತ್ ಪಡೆಯುವ ಜಾತಿಯದ್ದಾದರೆ, ಹೀಗೆ ದೂರವಿಟ್ಟಾಗ ಅದಕ್ಕೊಂದು ಪ್ರತ್ಯೇಕ ಅರ್ತ್ ತಂತಿ ಕೊಡಬೇಕು.

ಟೇಪರ್ ಥ್ರೆಡ್ಡಿಗೆ ಅತಿ ಬಿಗಿತ ಬೇಡ. ಪ್ಲಂಬರ್‌ಗಳ ಟೆಫ್ಲಾನ್ ಟೇಪಿನ ಚೂರು ಎಣ್ಣೆಯ ದಾರಿಗೆ ಸೇರಿದರೆ ಕಿರಿದಾದ ರಂಧ್ರ ಮುಚ್ಚಬಹುದು. ದ್ರವ ಸೀಲೆಂಟನ್ನು ತೆಳ್ಳಗೆ, ತುದಿಯ ಒಂದೆರಡು ಸುತ್ತು ಬಿಟ್ಟು ಹಚ್ಚಿ. ತಂತಿ ಸೈಲೆನ್ಸರ್ ಪೈಪಿಗೆ ತಾಗದಂತಿರಲಿ, ತಗಡಿನ ರಂಧ್ರಕ್ಕೆ ರಬ್ಬರ್ ಬುಷ್ ಇರಲಿ. ಗೇಜಿಗೆ ಕರೆಂಟನ್ನು ಕೀಲಿ ತಿರುಗಿಸಿದಾಗ ಮಾತ್ರ ಬರುವ ತಂತಿಯಿಂದ, ಫ್ಯೂಸ್ ಹಾಕಿಯೇ ಪಡೆಯಿರಿ.

ಎಲ್ಲ ಮುಗಿದ ಮೇಲೆ ಎಣ್ಣೆಯ ಮಟ್ಟ ನೋಡಿ ಎಂಜಿನ್ ಚಾಲೂ ಮಾಡಿ. ಕೆಲವೇ ಸೆಕೆಂಡುಗಳಲ್ಲಿ ಮುಳ್ಳು ಏರಬೇಕು. ಏರದಿದ್ದರೆ ತಕ್ಷಣ ಆಫ್ ಮಾಡಿ. ಸೋರಿಕೆ ಇದೆಯೇ ಎಂದು ಆಗಲೇ ಒಮ್ಮೆ, ಹತ್ತಾರು ಕಿಲೋಮೀಟರ್ ಓಡಿಸಿ ಬಿಸಿಯಾದ ಮೇಲೆ ಇನ್ನೊಮ್ಮೆ ಟಾರ್ಚ್ ಹಿಡಿದು ನೋಡಿ.

ಮುಳ್ಳಿನ ಮಾತು

ಬೆಳಿಗ್ಗೆ ತಣ್ಣಗಿನ ಎಣ್ಣೆ ದಪ್ಪ, ಆಗ ಒತ್ತಡ ಹೆಚ್ಚು. ಬಿಸಿಯಾದಂತೆ ತೆಳುವಾಗಿ ಇಳಿಯುತ್ತದೆ. ಇದು ರೋಗವಲ್ಲ, ಸ್ವಭಾವ. ಪ್ರತಿ 1000 ಆರ್‌ಪಿಎಂಗೆ ಸುಮಾರು 10 ಪಿಎಸ್‌ಐ, ಅಂದರೆ 0.7 ಬಾರ್ ಇರಬೇಕೆಂಬುದು ಮೆಕ್ಯಾನಿಕ್‌ಗಳ ಹಳೆಯ ಲೆಕ್ಕ. ಕೊನೆಯ ಮಾತು ಮಾತ್ರ ನಿಮ್ಮ ಕಾರಿನ ಸರ್ವಿಸ್ ಕೈಪಿಡಿಯದು. ಮೊದಲ ಹದಿನೈದು ದಿನ ಒಂದು ಪುಸ್ತಕದಲ್ಲಿ ಬರೆದಿಡಿ: ತಣ್ಣಗಿರುವಾಗ ಎಷ್ಟು, ಬಿಸಿಯಾಗಿ ನಿಂತಾಗ ಎಷ್ಟು, ಹೆದ್ದಾರಿಯಲ್ಲಿ ಎಷ್ಟು. ಆಮೇಲೆ ಬದಲಾವಣೆ ಕಣ್ಣಿಗೆ ತಾನಾಗಿ ಬೀಳುತ್ತದೆ.

ಚಾರ್ಮಾಡಿ ಘಾಟಿ ಏರಿ ಕೊಟ್ಟಿಗೆಹಾರ ತಲುಪುವ ದಾರಿಯನ್ನೇ ನೋಡಿ. ಸಣ್ಣ ಗೇರು, ತುಂಬಿದ ಕಾರು, ಕಾಯ್ದ ಎಣ್ಣೆ. ಹಿಮ್ಮುರಿ ತಿರುವಿನಲ್ಲಿ ಮುಳ್ಳು ಕುಸಿದು ನೇರ ರಸ್ತೆಯಲ್ಲಿ ಮತ್ತೆ ಏರಿದರೆ, ಎಣ್ಣೆ ಕಡಿಮೆಯಾಗಿ ಪಂಪು ಗಾಳಿ ಹೀರುತ್ತಿದೆ ಎಂದು ಮೊದಲು ಸಂಶಯಿಸಬೇಕು. ಬಿಸಿ ಎಂಜಿನ್‌ನ ಒತ್ತಡ ತಿಂಗಳಿಂದ ತಿಂಗಳಿಗೆ ಇಳಿಯುತ್ತಾ ಬಂದರೆ ಬೇರಿಂಗ್ ಅಥವಾ ಪಂಪು ಸವೆಯುತ್ತಿರಬಹುದು, ಇಲ್ಲವೇ ಎಣ್ಣೆಗೆ ಪೆಟ್ರೋಲು ಬೆರೆಯುತ್ತಿರಬಹುದು. ಬಿಸಿಯಾದ ಮೇಲೂ ಮುಳ್ಳು ಎತ್ತರದಲ್ಲೇ ನಿಂತರೆ ಒತ್ತಡ ಬಿಡುವ ವಾಲ್ವ್ ಸಿಕ್ಕಿಕೊಂಡಿರಬಹುದು ಅಥವಾ ಎಣ್ಣೆ ಬೇಕಾದ್ದಕ್ಕಿಂತ ದಪ್ಪವಿರಬಹುದು. ದಪ್ಪ ಎಣ್ಣೆ ಹೊಯ್ದು ಮುಳ್ಳನ್ನು ಮೇಲೇರಿಸುವುದು ಚಿಕಿತ್ಸೆಯಲ್ಲ, ಜ್ವರವಿರುವಾಗ ಥರ್ಮಾಮೀಟರ್ ಅಡಗಿಸಿದಂತೆ.

ಗೇಜು ತೋರಿಸುವುದು ಒತ್ತಡವನ್ನು, ಎಣ್ಣೆಯ ಪ್ರಮಾಣವನ್ನಲ್ಲ. ವಾರಕ್ಕೊಮ್ಮೆ ಡಿಪ್‌ಸ್ಟಿಕ್ ನೋಡುವ ಅಭ್ಯಾಸಕ್ಕೆ ಅದು ಬದಲಿಯಲ್ಲ. ವಾರಂಟಿ ಇರುವ ಹೊಸ ಕಾರಿಗೂ ಇದನ್ನು ಹಾಕಲು ಅವಸರ ಬೇಡ. ಇಂಧನ ಉಳಿಸಲೆಂದು ಒತ್ತಡವನ್ನು ಬೇಕೆಂದೇ ತಗ್ಗಿಸುವ ಪಂಪುಗಳು ಈಗ ಬಂದಿವೆ. ಅಲ್ಲಿ ಹಳೆಯ ಲೆಕ್ಕ ಹಿಡಿದರೆ ಅನಗತ್ಯ ಗಾಬರಿಯಷ್ಟೇ.

ಕಾರು ಓಡಿಸುವವರು ತಂದೆಯೇ ಇರಲಿ, ಮಗಳೇ ಇರಲಿ, ಮನೆಯ ಪ್ರತಿಯೊಬ್ಬರಿಗೂ ಒಂದು ಪಾಠ ಹೇಳಿಕೊಡಿ. ಮುಳ್ಳು ಸೊನ್ನೆಗೆ ಬಿದ್ದು ದೀಪವೂ ಉರಿದರೆ, ಜಾಗ ನೋಡಿ ಬದಿಗೆ ನಿಲ್ಲಿಸಿ ಎಂಜಿನ್ ಆಫ್ ಮಾಡಬೇಕು. ಮುಳ್ಳು ಮಾತ್ರ ಬಿದ್ದು ದೀಪ ಉರಿಯದಿದ್ದರೆ ತಂತಿ ಕಳಚಿರಲೂಬಹುದು. ಆದರೂ ನಿಲ್ಲಿಸಿ, ನೋಡಿ, ಆಮೇಲೆ ಹೊರಡಬೇಕು. "ಹೇಗೂ ಹತ್ತಿರದಲ್ಲೇ ಗ್ಯಾರೇಜ್ ಇದೆ" ಎಂದು ಓಡಿಸಿದ ಆ ಎರಡು ಕಿಲೋಮೀಟರ್‌ಗಳೇ ಎಂಜಿನ್‌ನ ಕೊನೆಯ ಪಯಣವಾಗಬಹುದು. ಟೋಯಿಂಗ್ ಗಾಡಿಯ ಬಾಡಿಗೆ ಎಷ್ಟಾದರೂ ಹೊಸ ಎಂಜಿನ್‌ನ ಬೆಲೆಯಾಗದು.