ಹದವಾದ ಹವೆಯಲ್ಲಿ ಇದ್ದಿಲ ಒಲೆ

ಹೊಸೂರಿನ ಸಮೀಪದ ತೊರಪಲ್ಲಿ ಅಗ್ರಹಾರವೆಂದೊಡನೆ ಓದುಬಲ್ಲವರಿಗೆ ನೆನಪಾಗುವುದು ರಾಜಾಜಿಯವರ ಜನ್ಮಗೃಹ. ಅವರು ಅಲ್ಲಿ ಹುಟ್ಟಿದ್ದು 1878ರ ಡಿಸೆಂಬರ್ 10ರಂದು, ಈ ಸೀಮೆಯಲ್ಲಿ ಚಳಿ ಬಲಿಯುವ ಕಾಲದಲ್ಲಿ. ಅಂಥ ಚಳಿಯಲ್ಲಿ ಒಲೆಯನ್ನು ಆರದಂತೆ ಇಟ್ಟುಕೊಳ್ಳುವುದು ಕಷ್ಟವಲ್ಲ. ದಿನವೆಲ್ಲ ಬೆಂಕಿಗೆ ಕೆಲಸವಿರುತ್ತದೆ. ಕಷ್ಟವಿರುವುದು ಚಳಿಯೂ ಅಲ್ಲದ, ಸೆಕೆಯೂ ಅಲ್ಲದ ದಿನಗಳಲ್ಲಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಈ ನೆಲದಲ್ಲಿ ವರ್ಷದ ಬಹುಭಾಗ ಅಂಥವೇ ದಿನಗಳು.

ಮಣ್ಣು ಮೆತ್ತಿದ ಕಬ್ಬಿಣದ ಒಲೆ, ನಡುವೆ ಸಲಾಕೆಗಳ ಜಾಲರಿ, ಕೆಳಗೆ ಗಾಳಿಗೊಂದು ಕಿಂಡಿ: ಇದ್ದಿಲ ಒಲೆಯೆಂದರೆ ಇಷ್ಟೇ. ಕಿಂಡಿಯನ್ನು ಪೂರ್ತಿ ತೆರೆದರೆ ಇದ್ದಿಲು ಬೇಗನೆ ಉರಿದುಹೋಗುತ್ತದೆ. ಪೂರ್ತಿ ಮುಚ್ಚಿದರೆ ಕೆಂಡ ಸಾಯುತ್ತದೆ. ಚಳಿಗಾಲದಲ್ಲಿ ಬೂದಿಯನ್ನು ದಿನವೂ ಚೆನ್ನಾಗಿ ಕೆದಕಿ ಇಳಿಸಬೇಕು. ಹದವಾದ ಹವೆಯಲ್ಲಿ ಮಾತ್ರ ಜಾಲರಿಯ ಮೇಲೆ ಬೆರಳಷ್ಟು ಬೂದಿಯನ್ನು ಉಳಿಸುವುದೇ ಜಾಣತನ. ಅದು ಗಾಳಿಯನ್ನು ತಡೆದು ಉರಿಯನ್ನು ನಿಧಾನಗೊಳಿಸುತ್ತದೆ. ಒಂಟಿ ಕೆಂಡ ಬಹುಕಾಲ ಬಾಳದು. ಆದ್ದರಿಂದ ಕೆಂಡಗಳನ್ನೆಲ್ಲ ಒಂದೆಡೆ ಒತ್ತಿ, ಮೇಲೆ ಬೂದಿ ಹೊದಿಸಬೇಕು. ‘ಬೂದಿ ಮುಚ್ಚಿದ ಕೆಂಡ’ ಎಂಬ ಮಾತನ್ನು ಮಕ್ಕಳು ಶಾಲೆಯಲ್ಲಿ ನುಡಿಗಟ್ಟಾಗಿ ಕಲಿಯುತ್ತಾರೆ. ಅಜ್ಜಿಯರಿಗೆ ಅದು ನುಡಿಗಟ್ಟಾಗಿರಲಿಲ್ಲ, ನಾಳೆಯ ಬೆಂಕಿಯಾಗಿತ್ತು.

ಆದರೆ ಈ ಜಾಣತನದಲ್ಲಿಯೇ ಒಂದು ಅಪಾಯವೂ ಅಡಗಿದೆ. ಗಾಳಿ ಸಾಲದೆ ಉರಿಯುವ ಇದ್ದಿಲಿನಿಂದ ಇಂಗಾಲದ ಮಾನಾಕ್ಸೈಡ್ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಈ ಅನಿಲವನ್ನು ಹಿಡಿದುಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಇದರ ಮೊದಲ ಲಕ್ಷಣಗಳು. ನಿದ್ದೆಯಲ್ಲಿರುವವರಿಗೆ ಇವು ತಿಳಿಯುವುದೇ ಇಲ್ಲ. ಸೌದೆಯ ಹೊಗೆ ಕಣ್ಣುರಿಸಿ ಎಚ್ಚರಿಸುತ್ತದೆ, ಇದ್ದಿಲು ಹಾಗಲ್ಲ. ‘ಹೊಗೆಯಿಲ್ಲ, ಆದ್ದರಿಂದ ಭಯವಿಲ್ಲ’ ಎಂಬ ನಂಬಿಕೆಯಷ್ಟು ಕೆಟ್ಟ ನಂಬಿಕೆ ಅಡುಗೆಮನೆಯಲ್ಲಿ ಇನ್ನೊಂದಿಲ್ಲ.

ಹೊಗೆಕೊಳವೆ ಇದ್ದರೂ ಹದವಾದ ಹವೆ ಮೋಸ ಮಾಡಬಲ್ಲದು. ಕೊಳವೆಯೊಳಗಿನ ಬಿಸಿಗಾಳಿ ಹಗುರ, ಹೊರಗಿನ ತಣ್ಣನೆಯ ಗಾಳಿ ಭಾರ. ಈ ಅಂತರದಿಂದಲೇ ಹೊಗೆ ಮೇಲೇರುತ್ತದೆ. ಹೊರಗೆ ಬೆಚ್ಚಗಿದ್ದು ಒಳಗೆ ಉರಿ ಸಣ್ಣದಾದಾಗ ಅಂತರ ಕುಗ್ಗಿ, ಸೆಳೆತ ಸೋಲುತ್ತದೆ, ಅನಿಲ ಮನೆಯೊಳಗೇ ನಿಲ್ಲುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ರೂಪಿಸಿದ ಅಸ್ತ್ರ ಒಲೆಗೆ ಹೊಗೆಕೊಳವೆಯಿದೆ. ಅದು ಸೌದೆಯ ಒಲೆ. ಆದರೂ ಕೊಳವೆಯ ಸೆಳೆತದ ನಿಯಮ ಅಲ್ಲಿಯೂ ಇದೇ.

ಹೀಗಾಗಿ ಬೂದಿ ಹೊದಿಸಿದ ಒಲೆಯ ಜಾಗ ಮಲಗುವ ಕೋಣೆಯಲ್ಲ, ಗಾಳಿಯಾಡುವ ಹಿತ್ತಿಲ ಸೂರು. ಕಿಟಕಿಯನ್ನು ಒಂದಿಷ್ಟು ತೆರೆದಿಟ್ಟರೆ ಸಾಕೆಂದು ಒಳಗಿಡುವುದೂ ಸಲ್ಲದು. ಬೆಳಿಗ್ಗೆ ಮೊದಲು ಕೆಳಗಿನ ಕಿಂಡಿ ತೆರೆದು, ಬೂದಿ ಸರಿಸಿ, ಕಿರುಗಾತ್ರದ ಇದ್ದಿಲು ಹಾಕಿ, ಊದುಗೊಳವೆಯಿಂದ ಮೆಲ್ಲನೆ ಊದಬೇಕು. ಹೊಸ ಇದ್ದಿಲಿನ ಮೇಲೆ ನೀಲಿ ಜ್ವಾಲೆ ಆಡುತ್ತದೆಯಲ್ಲ, ಅದೇ ಆ ವಿಷಾನಿಲ ಉರಿಯುವ ಬಣ್ಣ. ಇದ್ದಿಲೆಲ್ಲ ಕೆಂಪಗಾಗುವವರೆಗೆ ಒಲೆ ಹೊರಗೇ ಇರಲಿ.

ತೆಗೆದ ಬೂದಿ ಪಾತ್ರೆ ತಿಕ್ಕುವುದಕ್ಕೂ ಅವರೆಯ ಬಳ್ಳಿಯ ಬುಡಕ್ಕೂ ಆಗುತ್ತದೆ. ತಿಪ್ಪೆಗೆ ಹಾಕುವುದಾದರೆ ನೀರು ಚಿಮುಕಿಸಿಯೇ ಹಾಕಬೇಕು. ತಣ್ಣಗೆ ಕಾಣುವ ಬೂದಿಯಲ್ಲಿಯೂ ಮರುದಿನದವರೆಗೆ ಕೆಂಡ ಉಳಿದಿರಬಹುದು.