ಹಿತ್ತಲ ಆಕಾಶದ ನೀಹಾರಿಕೆ

‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ನಮ್ಮ ತಲೆಯ ಮೇಲಿನ ಆಕಾಶಕ್ಕೂ ಸಲ್ಲುತ್ತದೆ. ನಕ್ಷತ್ರ ನೋಡಬೇಕೆಂದರೆ ಲಡಾಖಿಗೆ ಹೋಗಬೇಕು, ನೀಹಾರಿಕೆಯ ಚಿತ್ರ ಬೇಕೆಂದರೆ ಹಬಲ್ ದೂರದರ್ಶಕವೇ ಬೇಕು, ಪುಣೆ-ಮುಂಬಯಿಗಳ ಆಕಾಶದಲ್ಲಿ ಏನಿದೆ ಎಂದು ನಮ್ಮ ಮಕ್ಕಳು ಕೇಳುತ್ತಾರೆ. ಅವರ ಮಾತಿನಲ್ಲಿ ಅರ್ಧ ನಿಜವಿದೆ. ಬೀದಿದೀಪ, ಜಾಹೀರಾತು ಫಲಕಗಳ ಬೆಳಕಿನಲ್ಲಿ ಆಕಾಶಗಂಗೆ ನಮ್ಮ ನಗರಗಳಿಂದ ಮಾಯವಾಗಿ ಬಹಳ ಕಾಲವಾಯಿತು. ಆದರೆ 1350 ಜ್ಯೋತಿರ್ವರ್ಷ ದೂರದ ಒಂದು ನೀಹಾರಿಕೆ ಮಾತ್ರ ಇನ್ನೂ ನಮ್ಮ ಕೈಬಿಟ್ಟಿಲ್ಲ. ಮೊಬೈಲ್ ಬಂದ ಮೇಲೆ ಬೀರು ಸೇರಿದ ಸಾಧಾರಣ ಡಿಜಿಟಲ್ ಕ್ಯಾಮೆರಾ ಒಂದಿದ್ದರೆ ಅದನ್ನು ಮನೆಯ ಗಚ್ಚಿಯ ಮೇಲಿಂದಲೇ ಹಿಡಿಯಬಹುದು. ಇಂಗ್ಲಿಷ್ ವಿಷಯದಲ್ಲಿ ಬಿ.ಎ. ಮಾಡಿ, ಮೂವತ್ತು ವರ್ಷ ಮನೆವಾರ್ತೆ ನೋಡಿಕೊಂಡ ನನ್ನಂಥವಳು ಎರಡು ಚಳಿಗಾಲಗಳಿಂದ ಪುಣೆಯಲ್ಲಿ ಈ ಕೆಲಸ ಮಾಡುತ್ತಿದ್ದೇನೆ ಎಂದ ಮೇಲೆ ನಿಮಗೇನು ಕಷ್ಟ?

ಮಿರಗದ ಮಳೆ, ಮೃಗಶಿರದ ಚಿಕ್ಕಿ

ನೀಹಾರ ಎಂದರೆ ಮಂಜು. ಇಂಗ್ಲಿಷಿನ ನೆಬ್ಯುಲಾ ಶಬ್ದಕ್ಕೂ ಲ್ಯಾಟಿನ್ ಮೂಲದಲ್ಲಿ ಮಂಜು, ಮೋಡ ಎಂದೇ ಅರ್ಥ. ನೀವು ಶಾಲೆಯಲ್ಲಿ ಕಲಿತ ಮರಾಠಿಯಲ್ಲಿ ಅದು ತೇಜೋಮೇಘ, ಬೆಳಗುವ ಮೋಡ. ನಿಜದಲ್ಲಿ ಅದು ಅನಿಲ ಮತ್ತು ಧೂಳಿನ ಅಪಾರ ರಾಶಿ. ನಾನು ಹೇಳುತ್ತಿರುವ ನೀಹಾರಿಕೆಯಲ್ಲಿ ಈಗಲೂ ಹೊಸ ನಕ್ಷತ್ರಗಳು ಹುಟ್ಟುತ್ತಿವೆ. ನಡುವಿನ ಎಳೆಯ, ಬಿಸಿ ನಕ್ಷತ್ರಗಳ ಅತಿನೇರಳೆ ಕಿರಣಗಳು ತಾಗಿ ಸುತ್ತಲಿನ ಜಲಜನಕ ಹೊಳೆಯುತ್ತದೆ. ಅದರ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋಗಲು ಬೆಳಕಿಗೇ 20 ವರ್ಷಕ್ಕಿಂತ ಹೆಚ್ಚು ಬೇಕು!

ಹುಡುಕುವುದು ಸುಲಭ. ಜನವರಿಯ ನಡುವಿನಲ್ಲಿ ರಾತ್ರಿ 10 ಗಂಟೆಗೆ, ಫೆಬ್ರವರಿಯ ನಡುವಿನಲ್ಲಿ 8 ಗಂಟೆಗೆ ದಕ್ಷಿಣಕ್ಕೆ ಮುಖಮಾಡಿ ತಲೆ ಎತ್ತಿ. ಸಾಲಾಗಿ ನಿಂತ ಮೂರು ನಕ್ಷತ್ರಗಳು ಕಾಣುತ್ತವೆ. ಅದು ಮಹಾವ್ಯಾಧನ, ಅಂದರೆ ಇಂಗ್ಲಿಷಿನ ಓರೈಯನ್ ಬೇಟೆಗಾರನ ನಡುಪಟ್ಟಿ. ಪಟ್ಟಿಯಿಂದ ಕೆಳಗೆ ಇಳಿಬಿದ್ದ ಪುಟ್ಟ ಸಾಲು ಅವನ ಕತ್ತಿ. ಕತ್ತಿಯ ನಡುವೆ ಮಸುಕಾಗಿ ಕಾಣುವುದೇ ನಮ್ಮ ನೀಹಾರಿಕೆ, ಖಗೋಳಜ್ಞರ ಪಟ್ಟಿಯಲ್ಲಿ ಎಂ 42.

ಈ ಬೇಟೆಗಾರ ನಿಮ್ಮ ಅಜ್ಜ-ಅಜ್ಜಿಯರಿಗೆ ಅಪರಿಚಿತನಲ್ಲ. ಅವನ ತಲೆಯ ಬಳಿ ಇರುವುದು ಮೃಗಶಿರ, ಹೆಗಲ ಮೇಲಿನ ಕೆಂಪು ನಕ್ಷತ್ರ ಆರಿದ್ರಾ. ಜೂನ್ ತಿಂಗಳಲ್ಲಿ ಸೂರ್ಯ ಈ ನಕ್ಷತ್ರಗಳ ದಿಕ್ಕಿನಲ್ಲಿ ಇರುವಾಗ ಬೀಳುವ ಮಳೆಗೆ ನಮ್ಮ ಧಾರವಾಡದ ಕಡೆ ಮಿರಗದ ಮಳೆ, ಆರಿದ್ರಾ ಮಳೆ ಎಂಬ ಹೆಸರು. ಮಹಾರಾಷ್ಟ್ರದ ರೈತರೂ ಮಿರಗ ಎಂದೇ ಕಾಯುತ್ತಾರೆ. ಆಗ ಆ ನಕ್ಷತ್ರಗಳು ಹಗಲಿನ ಬೆಳಕಿನಲ್ಲಿ ಮುಳುಗಿರುತ್ತವೆ. ಆರು ತಿಂಗಳು ಕಳೆದು ಭೂಮಿ ಸೂರ್ಯನ ಆಚೆ ಬದಿಗೆ ಬಂದಾಗ ಅವೇ ರಾತ್ರಿಯಿಡೀ ಮೆರೆಯುತ್ತವೆ.

ಅಂದಿನ ಹಿತ್ತಲುಗಳು

ಈ ನೀಹಾರಿಕೆಯ ಮೊದಲ ಛಾಯಾಚಿತ್ರ ತೆಗೆದವರು ಹೆನ್ರಿ ಡ್ರೇಪರ್ ಎಂಬ ಅಮೆರಿಕದ ವೈದ್ಯರು. 1880ರ ಸೆಪ್ಟೆಂಬರ್ 30ರಂದು, ನ್ಯೂಯಾರ್ಕಿನ ಸಮೀಪದ ತಮ್ಮ ಸ್ವಂತ ವೀಕ್ಷಣಾಲಯದಲ್ಲಿ, ಸುಮಾರು 50 ನಿಮಿಷ ಗಾಜಿನ ಫಲಕಕ್ಕೆ ಬೆಳಕು ಉಣಿಸಿ ಅದನ್ನು ಪಡೆದರು. 1883ರ ಜನವರಿಯಲ್ಲಿ ಲಂಡನ್ ಹತ್ತಿರದ ಈಲಿಂಗಿನಲ್ಲಿ ಆಂಡ್ರ್ಯೂ ಕಾಮನ್ ಎಂಬ ಎಂಜಿನಿಯರು ತಮ್ಮ ಮನೆಯ ತೋಟದಿಂದ 36 ಅಂಗುಲದ ದೂರದರ್ಶಕದಲ್ಲಿ ಇನ್ನೂ ಸ್ಪಷ್ಟವಾದ ಚಿತ್ರ ತೆಗೆದರು. ದೂರದರ್ಶಕಕ್ಕೆ ಕಣ್ಣಿಟ್ಟರೂ ಕಾಣದ ನಕ್ಷತ್ರಗಳು ಆ ಫಲಕದಲ್ಲಿ ಮೂಡಿದ್ದವು. ಇಬ್ಬರಿಗೂ ಖಗೋಳ ಹವ್ಯಾಸವಾಗಿತ್ತು, ಹೊಟ್ಟೆಪಾಡಲ್ಲ.

ನನ್ನ ಮನಸ್ಸಿನಲ್ಲಿ ನಿಂತವರು ಮಾತ್ರ ಡ್ರೇಪರರ ಪತ್ನಿ ಆನಾ. ವೀಕ್ಷಣಾಲಯದಲ್ಲಿ ಗಂಡನ ಜೊತೆಗೆ ದುಡಿದಾಕೆ. 1882ರಲ್ಲಿ ಅವರು ತೀರಿಕೊಂಡಾಗ ಕೆಲಸ ನಿಲ್ಲಬಾರದೆಂದು ಹಾರ್ವರ್ಡ್ ವೀಕ್ಷಣಾಲಯಕ್ಕೆ ಧನ ಕೊಟ್ಟರು. ಆ ಧನದಿಂದ ನಡೆದ ಕೆಲಸವನ್ನು ನೋಡಿಕೊಳ್ಳುತ್ತಿದ್ದ ವಿಲಿಯಮಿನಾ ಫ್ಲೆಮಿಂಗ್ ಮೊದಲು ಅಲ್ಲಿನ ನಿರ್ದೇಶಕರ ಮನೆಯಲ್ಲಿ ಮನೆಗೆಲಸಕ್ಕಿದ್ದವರು. 1888ರ ಒಂದು ಫಲಕದಲ್ಲಿ, ಇದೇ ಮಹಾವ್ಯಾಧನ ಪಟ್ಟಿಯ ಬಳಿ, ಇಂದು ಕುದುರೆತಲೆ ಎಂದು ಹೆಸರಾದ ಕಪ್ಪು ನೀಹಾರಿಕೆಯನ್ನು ಕಂಡುಹಿಡಿದದ್ದು ಆಕೆಯೇ!

ಹನಿ ಹನಿ ಕೂಡಿದರೆ

ಕಾಮನ್ ಅವರಿಗಿಲ್ಲದ ಎರಡು ಅನುಕೂಲ ನಮಗಿವೆ. ಈಲಿಂಗಿನಲ್ಲಿ ಈ ನೀಹಾರಿಕೆ ದಿಗಂತದಿಂದ 33 ಡಿಗ್ರಿಗಿಂತ ಮೇಲೇರುವುದಿಲ್ಲ; ಪುಣೆಯಲ್ಲಿ 66 ಡಿಗ್ರಿ ಏರುತ್ತದೆ. ಎರಡನೆಯದು ನಮ್ಮ ಕೈಯಲ್ಲಿರುವ ಕ್ಯಾಮೆರಾ. ಕಣ್ಣು ಬಂದ ಬೆಳಕನ್ನು ಆಗಲೇ ಖರ್ಚು ಮಾಡಿಬಿಡುತ್ತದೆ, ಕ್ಯಾಮೆರಾ ಕೂಡಿಡುತ್ತದೆ. ಆದರೆ ಭೂಮಿ ಗಂಟೆಗೆ 15 ಡಿಗ್ರಿ ತಿರುಗುವುದರಿಂದ ಹೆಚ್ಚು ಹೊತ್ತು ತೆರೆದಿಟ್ಟರೆ ನಕ್ಷತ್ರಗಳು ಗೆರೆಗಳಾಗುತ್ತವೆ. ಆದ್ದರಿಂದ ಒಂದು ದೀರ್ಘ ಚಿತ್ರದ ಬದಲು ನೂರಾರು ಚಿಕ್ಕ ಚಿತ್ರಗಳನ್ನು ತೆಗೆದು ಗಣಕದಲ್ಲಿ ಒಂದರ ಮೇಲೊಂದು ಪೇರಿಸಬೇಕು. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ!

ಮಸೂರ ಬದಲಾಯಿಸಬಹುದಾದ ಡಿ.ಎಸ್.ಎಲ್.ಆರ್. ಕ್ಯಾಮೆರಾ, 50 ಮಿ.ಮೀ. ಮಸೂರ, ಅಲುಗಾಡದ ಮುಕ್ಕಾಲಿ ಇದ್ದರೆ ಸಾಕು. ಕ್ಯಾಮೆರಾವನ್ನು ‘ಮ್ಯಾನ್ಯುವಲ್’ನಲ್ಲಿಟ್ಟು ದ್ಯುತಿರಂಧ್ರ ಎಫ್ 2.8, ಐ.ಎಸ್.ಓ. 1600, ಸಮಯ 4 ಸೆಕೆಂಡು ಇಡಿ. ಚಿತ್ರಗಳು ‘ರಾ’ ರೂಪದಲ್ಲಿರಲಿ. ತಾನೇ ಫೋಕಸ್ ಮಾಡುವ ಗುಂಡಿಯನ್ನು ಆರಿಸಿ, ಪಕ್ಕದಲ್ಲೇ ಹೊಳೆಯುವ ಲುಬ್ಧಕವನ್ನು ಪರದೆಯಲ್ಲಿ ಹಿಗ್ಗಿಸಿ ನೋಡುತ್ತ, ಅದು ಸಾಸಿವೆಯಷ್ಟು ಚಿಕ್ಕದಾಗುವ ತನಕ ಮಸೂರದ ಬಳೆ ತಿರುಗಿಸಿ. ಗುಂಡಿ ಒತ್ತುವಾಗ ಕ್ಯಾಮೆರಾ ಅದುರದಂತೆ 2 ಸೆಕೆಂಡಿನ ಟೈಮರ್ ಬಳಸಿ. ಇಂಥ 300 ಚಿತ್ರಗಳಾದರೆ 20 ನಿಮಿಷದ ಬೆಳಕು ಕೂಡಿತು. ಹತ್ತು ನಿಮಿಷಕ್ಕೊಮ್ಮೆ ಕ್ಯಾಮೆರಾವನ್ನು ಮತ್ತೆ ನೀಹಾರಿಕೆಯ ಕಡೆ ತಿರುಗಿಸಿಕೊಳ್ಳಿ. ಕೊನೆಗೆ ಮಸೂರಕ್ಕೆ ಮುಚ್ಚಳ ಹಾಕಿ 20-30 ಕಪ್ಪು ಚಿತ್ರ ತೆಗೆಯಿರಿ; ಕ್ಯಾಮೆರಾದ ಒಳಗಿನ ಕಲೆಗಳನ್ನು ಕಳೆಯಲು ಅವು ಬೇಕು. ಕ್ಯಾಮೆರಾ ಜೊತೆ ಬಂದ ಎಫ್ 5.6ರ ಮಸೂರವೂ ನಡೆಯುತ್ತದೆ, ಚಿತ್ರಗಳು ಮಾತ್ರ ನಾಲ್ಕು ಪಟ್ಟು ಬೇಕು. ಒಂದು ಎಚ್ಚರಿಕೆ: ನೀಹಾರಿಕೆಯ ಚಿತ್ರಕ್ಕೆ ಮೊದಲ ಶತ್ರು ನೀಹಾರವೇ. ಮಸೂರದ ಮೇಲೆ ಇಬ್ಬನಿ ಕೂತಿದೆಯೇ ಎಂದು ಆಗಾಗ ನೋಡುತ್ತಿರಿ.

ಪೇರಿಸುವ ಕೆಲಸಕ್ಕೆ ಡೀಪ್‌ಸ್ಕೈಸ್ಟ್ಯಾಕರ್, ಸಿರಿಲ್ ಎಂಬ ತಂತ್ರಾಂಶಗಳು ಪುಕ್ಕಟೆ ಸಿಗುತ್ತವೆ. ನೂರು ಚಿತ್ರ ಪೇರಿಸಿದರೆ ಕಾಳು-ಕೂಳೆಗಳ ನಡುವೆ ನಿಜವಾದ ಬೆಳಕು ಹತ್ತು ಪಟ್ಟು ಸ್ಪಷ್ಟವಾಗುತ್ತದೆ. ಒಂದೊಂದು ಚಿತ್ರದಲ್ಲಿ ಬರೀ ಮಸುಕಾಗಿದ್ದದ್ದು ಗುಲಾಬಿ ರೆಕ್ಕೆ ಬಿಚ್ಚುತ್ತದೆ. ಗುಲಾಬಿ ಏಕೆ? ಹೊಳೆಯುವ ಜಲಜನಕದ ಬಣ್ಣ ಕಡುಗೆಂಪು. ಸಾಮಾನ್ಯ ಕ್ಯಾಮೆರಾದ ಒಳಗಿನ ಶೋಧಕ ಆ ಕೆಂಪಿನ ಬಹುಪಾಲನ್ನು ತಡೆಯುತ್ತದೆ, ಉಳಿದದ್ದು ನೀಲಿಯ ಜೊತೆ ಬೆರೆತು ಗುಲಾಬಿಯಾಗುತ್ತದೆ. ಫ್ಲೆಮಿಂಗ್ ಅವರ ಕುದುರೆತಲೆ ಇಂಥ ಕ್ಯಾಮೆರಾಕ್ಕೆ ಸುಲಭವಾಗಿ ದಕ್ಕದಿರುವುದೂ ಇದೇ ಕಾರಣಕ್ಕೆ.

ಹಬಲ್ ಇರುವಾಗ ಇದೇಕೆ?

‘ಆಂಟಿ, ಹಬಲ್ ಫೋಟೋ ಮೊಬೈಲ್‌ನ್ಯಾಗ ಸಿಗ್ತದಲ್ಲಾ, ಇಷ್ಟ್ಯಾಕ ಕಷ್ಟಾ?’ ಎಂದು ಪಕ್ಕದ ಮನೆಯ ಹುಡುಗ ಕೇಳಿದ. ನ್ಯಾಯವಾದ ಪ್ರಶ್ನೆ. ಹಬಲ್ ಚಿತ್ರದ ಮುಂದೆ ನಮ್ಮದು ಹೆಬ್ಬೆರಳ ಉಗುರಿನಷ್ಟು ಗುಲಾಬಿ ಮಂಜು. ಆದರೆ ಆ ಬೆಳಕು ಹೊರಟದ್ದು ಬಾದಾಮಿ ಚಾಲುಕ್ಯರು ಆಳುತ್ತಿದ್ದ ಕಾಲದಲ್ಲಿ. ಅಷ್ಟು ದೂರ ಬಂದು ಕೊನೆಗೆ ಬಿದ್ದದ್ದು ನಿಮ್ಮದೇ ಕ್ಯಾಮೆರಾದ ಒಳಗೆ. ಬೇರೆಯವರ ಮನೆಯ ಮದುವೆಯ ಚಿತ್ರ ಎಷ್ಟು ಚೆಂದವಿದ್ದರೂ ನಮ್ಮ ಮನೆಯ ಚಿತ್ರವಾದೀತೆ?

ಇನ್ನೊಂದು ಲಾಭವೂ ಇದೆ. ಗಚ್ಚಿಯ ಮೇಲೆ ಎರಡು ರಾತ್ರಿ ನಿಂತರೆ ಯಾವ ದೀಪ ನೆಲಕ್ಕೆ ಬೆಳಕು ಕೊಡುತ್ತಿದೆ, ಯಾವುದು ಸುಮ್ಮನೆ ಆಕಾಶಕ್ಕೆ ಚೆಲ್ಲುತ್ತಿದೆ ಎಂದು ತಿಳಿಯುತ್ತದೆ. ನಮ್ಮ ಕಟ್ಟಡದಲ್ಲಿ ಮಾತನಾಡಿ, ನೀರಿನ ಟಾಕಿಯ ಮೇಲಿನ ಶೋಕಿಯ ದೀಪವನ್ನು 10 ಗಂಟೆಯ ನಂತರ ಆರಿಸುವಂತಾಯಿತು. ಕೆಟ್ಟ ಹೊಳೆಯನ್ನು ಶುದ್ಧ ಮಾಡಲು ವರ್ಷಗಳು ಬೇಕು. ಬೆಳಕಿನಿಂದ ಕೆಟ್ಟ ಆಕಾಶ ದೀಪ ಆರಿಸಿದ ಕ್ಷಣಕ್ಕೇ ಮರಳಿ ಬರುತ್ತದೆ. ಆದರೆ ಅಲ್ಲಿ ಏನಿದೆ ಎಂದು ಗೊತ್ತಿಲ್ಲದವರು ಅದನ್ನು ಮರಳಿ ಕೇಳುವುದಾದರೂ ಹೇಗೆ?

ಮಾರ್ಗದರ್ಶನ ಬೇಕಾದವರಿಗೆ ಪುಣೆಯಲ್ಲೇ 1944ರಲ್ಲಿ ಹುಟ್ಟಿದ ಜ್ಯೋತಿರ್ವಿದ್ಯಾ ಪರಿಸಂಸ್ಥೆ ಇದೆ. ಬೆಳದಿಂಗಳಿಲ್ಲದ ರಾತ್ರಿ ಯಾವುದೆಂದು ತಿಳಿಯಲು ಮನೆಯ ಪಂಚಾಂಗ ಸಾಕು. ಎಳ್ಳಮಾವಾಸ್ಯೆಯ ರಾತ್ರಿ ಹೇಳಿ ಮಾಡಿಸಿದ್ದು. ಅದು ತಪ್ಪಿದರೆ ಶಿವರಾತ್ರಿ ಇದೆ. ಅಂದು ಕತ್ತಲಾಗುವ ಹೊತ್ತಿಗೇ ಮಹಾವ್ಯಾಧ ನೆತ್ತಿಯ ಸಮೀಪ ಇರುತ್ತಾನೆ, ಮನೆಯಲ್ಲಿ ಹೇಗೂ ಜಾಗರಣೆ. ಗಚ್ಚಿಯ ಬೀಗದ ಕೈ ಯಾರ ಬಳಿ ಇದೆ ಎಂದು ಇವತ್ತೇ ವಿಚಾರಿಸಿಟ್ಟುಕೊಳ್ಳಿ.